ನಡಾವಳಿ ಪುಸ್ತಕದಲ್ಲಿ ಬಿಟ್ಟುಹೋದದ್ದು

ಗ್ರೀನಾಕಿನಲ್ಲಿ ಎಷ್ಟು ದಿನ ಮಳೆ ಎಂದು ಯಾರೂ ಲೆಕ್ಕವಿಡುವುದಿಲ್ಲ.
ಮಳೆಯಿಲ್ಲದ ದಿನಗಳನ್ನು ಬೆರಳು ಮಡಚಿ ಎಣಿಸುತ್ತಾರೆ,
ಬೆರಳು ಉಳಿಯುತ್ತವೆ.

ಅಂಥ ಊರಿನ ಸಭೆಗೆ
ಇಶ್ಬೆಲ್ ಮಕ್‌ವಿಕರ್ ಒಂದು ನಕ್ಷೆ ತಂದಳು.
ಮುಚ್ಚಿದ ಸಕ್ಕರೆ ಗೋದಾಮಿನ ಹಿಂದಿನ ಜಾಗ.
ಹುಲ್ಲಿಲ್ಲ, ಹೂವಿಲ್ಲ, ಜಾರುಬಂಡೆಯಿಲ್ಲ.
ಹಡಗುಕಟ್ಟೆಯಿಂದ ಗುಜರಿಗೆ ಹೊರಟಿದ್ದ
ತಗಡು, ಕೊಳವೆ, ಬಾಯ್ಲರಿನ ಹೊಟ್ಟೆ,
ಒಂದಕ್ಕಿಂತ ಒಂದು ತಗ್ಗಾಗಿ ನಿಲ್ಲಿಸಿದ ಸೂರುಗಳು.
ಮಳೆ ಬಂದಾಗ ಮಾತ್ರ ತೆರೆಯುವ ಪಾರ್ಕು.

"ಮಳೆ ಪುಕ್ಕಟೆ ಬೀಳುತ್ತಿದೆಯಲ್ಲ ತಾಯಿ,
ಅದಕ್ಕೂ ಒಂದು ಗೇಟು ಬೇಕೇ?"
ಎಂದರು ಹಣಕಾಸಿನ ಟಾರ್ಕ್ವಿಲ್ ಬೇನ್.
ಸಭೆ ಬಿದ್ದು ಬಿದ್ದು ನಕ್ಕಿತು.
ಗುಮಾಸ್ತ ನಾನು ಬರೆದೆ:
ಸದಸ್ಯರು ಸ್ಪಷ್ಟೀಕರಣ ಕೋರಿದರು.

ಬೇನ್ ಕೆಟ್ಟವರಲ್ಲ.
ಕನ್ನಡಕ ಒರೆಸಿಕೊಂಡು ಮೆಲ್ಲಗೆ ಓದಿದರು,
ಮನೆಯಲ್ಲಿ ಸತ್ತವರ ಹೆಸರು ಓದುವ ಹಾಗೆ:
ಮಂಗಳವಾರ, ಗುರುವಾರ ಗ್ರಂಥಾಲಯಕ್ಕೆ ಬೀಗ.
ಸ್ಮಶಾನದ ಗೋಡೆ ಬೀದಿಗೆ ವಾಲಿದೆ.
ಗುಡ್ಡದ ಮೇಲಿನ ಮನೆಗಳಿಗೆ ರಾತ್ರಿ ಒಂಬತ್ತರ ಬಸ್ಸು
ಮಾರ್ಚಿನ ತನಕ ಇದೆ, ಆಮೇಲೆ ಹೇಳಲಾಗದು.

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ:
ಈ ಗಾದೆ ಎಲ್ಲ ಊರಲ್ಲೂ ಇದೆ,
ಬಟ್ಟೆ ಮಾತ್ರ ಬೇರೆ.
ಅಲ್ಲಿ ಅದು ಉಣ್ಣೆಯ ಕೋಟು ತೊಟ್ಟು
ಮೂರು ಸಲ ಎದ್ದು ನಿಂತಿತು.

ಇಶ್ಬೆಲ್ ಕೂತಲ್ಲಿಂದಲೇ ಕೇಳಿದಳು:
"ಆರು ವರ್ಷದ ಹಿಂದೆ ಈಜುಕೊಳ ಬೇಡ ಅಂದಿರಿ, ಸರಿ.
ಮೂರು ವರ್ಷದ ಹಿಂದೆ ಬ್ಯಾಂಡ್ ಸೆಟ್ಟಿನ ಕಟ್ಟೆ ಬೇಡ ಅಂದಿರಿ, ಅದೂ ಸರಿ.
ಉಳಿದ ಆ ಹಿಟ್ಟು
ಯಾರ ಹೊಟ್ಟೆಗೆ ಹೋಯಿತು?"

ಹೀಟರಿನ ಸದ್ದು ಅಷ್ಟು ಜೋರೆಂದು
ಆವತ್ತೇ ನನಗೆ ಗೊತ್ತಾದದ್ದು.
ಪರ ಎಂಟು, ವಿರೋಧ ಏಳು.

ಏಪ್ರಿಲಿನಲ್ಲಿ ಬಸ್ಸು ನಿಂತಿತು.
ಪಾರ್ಕಿನಿಂದಲೇ ನಿಂತಿತು ಎನ್ನಲು ಕಾಗದದಲ್ಲಿ ಆಧಾರವಿಲ್ಲ,
ಬೇರೆ ಬೇರೆ ಲೆಕ್ಕಶೀರ್ಷಿಕೆ.
ನನ್ನಕ್ಕ ಸೆಂಗಾಳಿಗೆ ಲೆಕ್ಕಶೀರ್ಷಿಕೆ ತಿಳಿಯದು.
ಆಸ್ಪತ್ರೆಯ ಲಾಂಡ್ರಿಯಲ್ಲಿ ಪಾಳಿ ಮುಗಿಸಿ
ನೋಯುವ ಮಂಡಿಯಲ್ಲಿ ಗುಡ್ಡ ಹತ್ತುತ್ತಾಳೆ,
ನನ್ನ ಜತೆ ಮಾತು ಬಿಟ್ಟಿದ್ದಾಳೆ.

ಪಾರ್ಕು ತೆರೆಯಿತು.
ಮೊದಲ ವಾರ ಮೂವರು, ಒಂದು ನಾಯಿ.
ಮೂರನೆಯ ವಾರ ಶಾಲೆ ಬಿಟ್ಟ ಮಕ್ಕಳೆಲ್ಲ
ಬೂಟಿನ ತುಂಬ ನೀರು ತುಂಬಿಕೊಂಡು
ಯಾವ ತಗಡು ಯಾವ ಸದ್ದೆಂದು ಜಗಳವಾಡಿದರು:
ಇದು ಹುರಿಗಡಲೆ, ಇದು ಅಜ್ಜನ ಗೊರಕೆ,
ಬಾಯ್ಲರಿನೊಳಗೆ ಯಾರೋ ಪಿಸುಗುಟ್ಟುತ್ತಾರೆ, ಬಾ, ಕಿವಿಯಿಡು.
ಅಪರೂಪಕ್ಕೆ ಬಿಸಿಲು ಕಾದ ಶನಿವಾರ
ಪುರಸಭೆಗೆ ಮೊದಲ ದೂರು ಬಂತು:
ಪಾರ್ಕು ಮುಚ್ಚಿದೆ, ಮಳೆ ಯಾವಾಗ?

ಒಂದು ರಾತ್ರಿ, ಒಂಬತ್ತು ದಾಟಿತ್ತು,
ಸೆಂಗಾ ಒಳದಾರಿ ಹಿಡಿದದ್ದು ಕಂಡೆ.
ಎಲ್ಲಕ್ಕಿಂತ ತಗ್ಗಿನ ಸೂರಿನಡಿ ನಿಂತಳು.
ಕೊಡೆ ಮಡಚಿ
ಕೊಳವೆಗೆ ಒಂದು ಬಡಿದಳು, ಕೋಪದಿಂದಲೇ.
ಕೊಳವೆ ಉದ್ದಕ್ಕೆ ಮೊಳಗಿತು.
"ಓಹೋ, ನನ್ನ ಬಸ್ಸಿನ ಗಂಟೆ" ಎಂದಳು
ಯಾರಿಗೂ ಅಲ್ಲದೆ.
ಮತ್ತೆ ಹೊರಡಲಿಲ್ಲ.
ಹನ್ನೊಂದು ನಿಮಿಷ. ಕಸುಬಿನ ಚಾಳಿ, ಗಡಿಯಾರ ನೋಡಿದ್ದೆ.
ಮಳೆ ಮೇಲೆ, ಅವಳು ಕೆಳಗೆ,
ಸೋಪಿನ ವಾಸನೆಯ ಕೈ
ತಗಡಿನಂಚಿನ ಧಾರೆಗೆ ಚಾಚಿಕೊಂಡು.

ಮುಂದಿನ ಸಭೆಯ ಸಾರ್ವಜನಿಕರ ಬೆಂಚಿನಲ್ಲಿ
ಒದ್ದೆ ಕೋಟಿನಲ್ಲೇ ಎದ್ದು ನಿಂತಳು.
ಬೇನ್ ಕಡೆ ನೋಡಲಿಲ್ಲ, ಇಶ್ಬೆಲ್ ಕಡೆಯೂ.
"ಆ ಗುಜರಿ ಇರಲಿ. ಮುಟ್ಟಬೇಡಿ.
ಬಸ್ಸೂ ಬೇಕು."

ಅಧ್ಯಕ್ಷರು ನನ್ನತ್ತ ತಿರುಗಿದರು, ಎಂದಿನಂತೆ
ನಾನದನ್ನು ಇಸ್ತ್ರಿ ಮಾಡಲೆಂದು.
ಅವಳು ಆಡಿದ ಹಾಗೇ ಬರೆದೆ,
'ಗುಜರಿ'ಯನ್ನೂ ಬಿಡದೆ.